ಸೋರ್ಡ್ ಆರ್ಟ್ ಆನ್‌ಲೈನ್ ಅಷ್ಟು ಚೆನ್ನಾಗಿ ಶುರುವಾಗಿ ಆಮೇಲೆ ಯಾಕೆ ಹಂಗಾಯ್ತು?

ಓದುಗರ ಪ್ರಶ್ನೆ: "ಫ್ರೆಂಡ್ಸ್ ಎಲ್ಲಾ ಹೇಳಿದ್ರು ಅಂತ ಸೋರ್ಡ್ ಆರ್ಟ್ ಆನ್‌ಲೈನ್ ಶುರು ಮಾಡ್ದೆ. ಮೊದಲ್ನೇ ಎಪಿಸೋಡ್ ನೋಡಿ ರಾತ್ರಿ ನಿದ್ದೆನೇ ಬರ್ಲಿಲ್ಲ. ಈಗ 17ನೇ ಎಪಿಸೋಡ್‌ನಲ್ಲಿದೀನಿ, ಇದು ಅದೇ ಸೀರೀಸಾ ಅಂತ ಡೌಟ್ ಬರ್ತಿದೆ. ನನಗೊಬ್ಬನಿಗೇನಾ ಹಿಂಗನ್ಸೋದು? ಮುಂದೆ ನೋಡ್ಲಾ ಬಿಡ್ಲಾ?"

ನಿಮಗೊಬ್ಬರಿಗೇ ಅಲ್ಲ ಬಿಡಿ. 2012ರ ಜುಲೈನಲ್ಲಿ ಜಪಾನ್ ಟೀವಿಯಲ್ಲಿ ಈ ಅನಿಮೆ (ಜಪಾನಿ ಕಾರ್ಟೂನ್ ಸೀರೀಸು) ಶುರುವಾದಾಗಿಂದ ಜನ ಇದನ್ನೇ ಕೇಳ್ತಿದಾರೆ, ನಾನೂ ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ ಲ್ಯಾಪ್‌ಟಾಪ್‌ನಲ್ಲಿ ನೋಡಿ ಅವನ ಜೊತೆ ಎರಡು ದಿನ ಜಗಳ ಆಡಿದೀನಿ. ಸಾಮಾನ್ಯವಾಗಿ ಸಿಗೋ ಉತ್ತರ "14ನೇ ಎಪಿಸೋಡ್ ಆದ್ಮೇಲೆ ಕೆಟ್ಟೋಯ್ತು" ಅಂತ. ನನಗೆ ಅದು ಅರ್ಧ ಮಾತ್ರ ಸರಿ ಅನ್ಸತ್ತೆ. ಮೊದಲ್ನೇ ಎಪಿಸೋಡ್ ನೋಡಿ ನಾವು ಯಾವ ಕಥೆಗೆ ಕಾಯ್ತಾ ಕೂತ್ವೋ ಆ ಕಥೆ ಇದರಲ್ಲಿ ಇರ್ಲೇ ಇಲ್ಲ, ಕೆಡೋಕೆ ಅದು ಇದ್ರೆ ತಾನೆ. (ಇಲ್ಲಿಂದ ಮುಂದೆ ಕಥೆ ಎಲ್ಲಾ ಹೇಳ್ಬಿಡ್ತೀನಿ, ಗೊತ್ತಾಗ್ಬಾರ್ದು ಅನ್ನೋರು ಇಲ್ಲೇ ನಿಲ್ಸಿ.)

ಆ ಮೊದಲ್ನೇ ಎಪಿಸೋಡ್ ಮಾತ್ರ ಇವತ್ತಿಗೂ ಸೂಪರ್. 2022ರ ನವೆಂಬರ್ 6, ಹೊಸ ಗೇಮ್ ರಿಲೀಸು, ನರ್ವ್‌ಗೇರ್ ಅನ್ನೋ ಹೆಲ್ಮೆಟ್ ಹಾಕ್ಕೊಂಡು ಹತ್ತು ಸಾವಿರ ಜನ ಒಳಗೆ ಹೋಗ್ತಾರೆ, ಸಂಜೆ ಆಗೋಷ್ಟರಲ್ಲಿ ನೋಡಿದ್ರೆ ಲಾಗೌಟ್ ಬಟನ್ನೇ ಇಲ್ಲ. ಗೇಮ್ ಮಾಡಿದ ಕಯಾಬ ಅಕಿಹಿಕೊ ಕೆಂಪು ನಿಲುವಂಗಿ ಹಾಕ್ಕೊಂಡು ಆಕಾಶದಲ್ಲಿ ಬಂದು ನಿಂತು ತಣ್ಣಗೆ ಹೇಳ್ತಾನೆ, ಇಲ್ಲಿ ಸತ್ರೆ ಹೆಲ್ಮೆಟ್ಟು ನಿಮ್ಮ ಮಿದುಳನ್ನ ಮೈಕ್ರೋವೇವ್‌ನಿಂದ ಸುಟ್ಟಾಕತ್ತೆ, ಹೊರಗಡೆಯವ್ರು ಅದನ್ನ ಕಿತ್ರೂ ಅಷ್ಟೇ, ಹಂಗೆ ಈಗಾಗ್ಲೇ 213 ಜನ ಹೋಗಿದಾರೆ, ಹೊರಗೆ ಹೋಗ್ಬೇಕಂದ್ರೆ ನೂರು ಮಹಡಿ ಹತ್ತಿ ಗೇಮ್ ಮುಗಿಸಿ ಅಂತ. ಆಮೇಲೆ ಎಲ್ಲರ ಕೈಗೂ ಒಂದೊಂದು ಕನ್ನಡಿ. ಗೇಮ್‌ಗೆ ಅಂತ ಮಾಡ್ಕೊಂಡಿದ್ದ ಚಂದದ ಮುಖ ಕಳಚಿ ಅವರವರ ನಿಜವಾದ ಮುಖ ಬರತ್ತೆ, ಪಕ್ಕದಲ್ಲಿ ಹುಡುಗಿ ಅಂತ ನಿಂತಿದ್ದವನು ಗಂಡಸು.

ಆ ಐಡಿಯಾದ ಪವರ್ ಎಷ್ಟು ಅಂದ್ರೆ, 2022ರ ನವೆಂಬರ್ 6 ನಿಜವಾಗ್ಲೂ ಬಂದ ದಿನ ವಿಆರ್ ಹೆಡ್‌ಸೆಟ್ ಮಾಡ್ತಿದ್ದ ಆಕ್ಯುಲಸ್ ಕಂಪನಿ ಶುರು ಮಾಡಿದ ಪಾಮರ್ ಲಕ್ಕಿ, ಗೇಮ್‌ನಲ್ಲಿ ಸತ್ರೆ ಹಾಕ್ಕೊಂಡವರನ್ನ ನಿಜವಾಗ್ಲೂ ಕೊಲ್ಲೋ ಹೆಡ್‌ಸೆಟ್ ಒಂದು ಮಾಡಿದೀನಿ, ಒಳಗೆ ಸ್ಫೋಟಕ ಇಟ್ಟಿದೀನಿ, ಹಾಕ್ಕೊಳೋಕೆ ಮಾತ್ರ ಧೈರ್ಯ ಬಂದಿಲ್ಲ ಅಂತ ಬರ್ಕೊಂಡಿದ್ದ. ಪುಣ್ಯಾತ್ಮ.

ಸರಿ, ಇದನ್ನ ನೋಡಿದವರ ತಲೆಯಲ್ಲಿ ಏನು ಓಡತ್ತೆ? ಹತ್ತು ಸಾವಿರ ಜನ ದಿನ ಹೆಂಗೆ ಕಳೀತಾರೆ, ಚಿಕ್ಕ ಮಕ್ಕಳನ್ನ ಯಾರು ನೋಡ್ಕೋತಾರೆ, ಹೊರಗೆ ಬರೋ ಆಸೆನೇ ಬಿಟ್ಟವರು ಏನ್ಮಾಡ್ತಾರೆ, ಕೊಲೆ ಮಾಡೋರನ್ನ ಯಾರು ಕೇಳ್ತಾರೆ. ಎರಡನೇ ಎಪಿಸೋಡ್‌ನಲ್ಲಿ ಒಂದು ತಿಂಗಳು ಹೋಗಿದೆ, ಎರಡು ಸಾವಿರ ಜನ ಸತ್ತಿದಾರೆ, ಆದ್ರೂ ಮೊದಲ್ನೇ ಮಹಡಿನೇ ದಾಟಿಲ್ಲ. ಅಬ್ಬಾ, ಇದು ಕಷ್ಟದ ದಾರಿ ಅಂತ ನಾವು ಸೀಟಿನ ತುದಿಗೆ ಬಂದು ಕೂತ್ಕೋತೀವಿ. ಮೂರನೇ ಎಪಿಸೋಡ್ ಮುಗಿಯೋಷ್ಟರಲ್ಲಿ 2023ರ ಕ್ರಿಸ್‌ಮಸ್ ಬಂದ್ಬಿಟ್ಟಿದೆ! ಒಂದು ವರ್ಷ ಒಂದೇ ಎಪಿಸೋಡ್‌ನಲ್ಲಿ ಖಾಲಿ. ಎಂಟನೇದರಲ್ಲಿ ನೋಡಿದ್ರೆ 74ನೇ ಮಹಡಿ. ಎಲೆ ಹಾಕಿ, ಉಪ್ಪು ಉಪ್ಪಿನಕಾಯಿ ಕೋಸಂಬರಿ ಎಲ್ಲಾ ನೀಟಾಗಿ ಬಡಿಸಿ, ಇನ್ನೇನು ಅನ್ನ ಸಾರು ಬರತ್ತೆ ಅಂತ ಕಾಯ್ತಾ ಕೂತ್ರೆ ಸೀದಾ ಮಜ್ಜಿಗೆ ಬಕೆಟ್ ಹಿಡ್ಕೊಂಡು ಬಂದ ಹಂಗೆ.

ಯಾಕೆ ಹಿಂಗೆ ಅನ್ನೋದಕ್ಕೆ ಕಾರಣ ಅನಿಮೆ ಮಾಡಿದ ಎ-1 ಪಿಕ್ಚರ್ಸ್ ಹತ್ರ ಇಲ್ಲ, ಅದಕ್ಕಿಂತ ಹತ್ತು ವರ್ಷ ಹಿಂದೆ ಹೋಗ್ಬೇಕು. ರೆಕಿ ಕವಾಹರ ಇದನ್ನ ಬರೆದಿದ್ದು ಡೆಂಗೆಕಿ ಅನ್ನೋ ಕಾದಂಬರಿ ಸ್ಪರ್ಧೆಗೆ ಕಳಿಸೋಣ ಅಂತ. ಬರೀತಾ ಬರೀತಾ ಪುಟ ಜಾಸ್ತಿ ಆಗೋಯ್ತು, ಸ್ಪರ್ಧೆಯ ಮಿತಿ ಮೀರ್ತು, ಕಳಿಸ್ಲಿಲ್ಲ, 2002ರಿಂದ ಇಂಟರ್ನೆಟ್‌ನಲ್ಲಿ ಹಾಕ್ತಾ ಬಂದ್ರು. 2008ರಲ್ಲಿ ಆಕ್ಸೆಲ್ ವರ್ಲ್ಡ್ ಅನ್ನೋ ಬೇರೆ ಕಥೆಗೆ ಅದೇ ಡೆಂಗೆಕಿ ಬಹುಮಾನ ಬಂದ್ಮೇಲೆ, 2009ರಲ್ಲಿ ಈ ಹಳೇ ಕಥೆ ಪುಸ್ತಕ ಆಯ್ತು. ಸ್ಪರ್ಧೆಗೆ ಅಂತ ಬರೆದಿದ್ದಲ್ವಾ, ಒಂದೇ ಪುಸ್ತಕದಲ್ಲಿ ಶುರುವೂ ಇರ್ಬೇಕು, ಕೊನೆನೂ ಇರ್ಬೇಕು. ಅದಕ್ಕೇ ಆ ಪುಸ್ತಕದಲ್ಲಿ ಮೊದಲ್ನೇ ದಿನ ಇದೆ, ಪುಟ ತಿರುಗಿಸಿದ್ರೆ ಎರಡು ವರ್ಷ ಆಗಿದೆ, 74ನೇ ಮಹಡಿ, ಆಮೇಲೆ ಸರಸರ ಅಂತ ಅಂತ್ಯ. ನಡುವಿನ ಎರಡು ವರ್ಷನ ಯಾರೂ ಕಟ್ ಮಾಡ್ಲಿಲ್ಲ, ಅದು ಬರೆದೇ ಇರ್ಲಿಲ್ಲ.

ಹಂಗಾದ್ರೆ ಅನಿಮೆಯಲ್ಲಿ ನಡುವೆ ಬರೋ ಎಪಿಸೋಡ್‌ಗಳು? ಸಿಲಿಕಾ, ಲಿಸ್ಬೆತ್, ಸಾಚಿ ಅನ್ನೋ ಹುಡುಗೀರದ್ದೆಲ್ಲಾ ಎರಡನೇ ಪುಸ್ತಕದ ಬಿಡಿ ಕಥೆಗಳು. ಅದನ್ನ ಓದೋ ಹೊತ್ತಿಗೆ ಹೀರೋ ಕಿರಿಟೋ, ಹೀರೋಯಿನ್ ಅಸುನಾ ಮದುವೆ ಆಗಿದಾರೆ, ಗೇಮ್ ಮುಗಿದಿದೆ ಅನ್ನೋದು ಓದುಗರಿಗೆ ಗೊತ್ತಿರತ್ತೆ, ಹಾಗಾಗಿ ಕತ್ತಿ ಮಾಡೋ ಲಿಸ್ಬೆತ್‌ಗೆ ಅವನ ಮೇಲೆ ಮನಸ್ಸಾದಾಗ ಪಾಪ ಈ ಹುಡುಗಿ ಅನ್ಸತ್ತೆ. ಅನಿಮೆಯವರು ಅದನ್ನೆಲ್ಲಾ ತಾರೀಖಿನ ಪ್ರಕಾರ ಜೋಡಿಸಿದ್ರು. ಈಗ ಅದೇ ಕಥೆ, ಒಂದು ಸೀನ್ ಬದಲಾಗದೆ, ವಾರಕ್ಕೊಂದು ಹುಡುಗಿ ಬಂದು ಹೀರೋಗೆ ಬೀಳೋ ಹಂಗೆ ಕಾಣತ್ತೆ. ಹೀರೋಗೆ ಎಲ್ಲಾ ಹುಡುಗೀರೂ ಬೀಳ್ತಾರಲ್ಲ ಅಂತ ಜನ ಬೈಯೋದ್ರಲ್ಲಿ ದೊಡ್ಡ ಪಾಲು ಈ ಜೋಡಣೆದು ಅಂತ ನನ್ನ ಅನಿಸಿಕೆ. ಎಲ್ಲಾ ಅಲ್ಲ, ದೊಡ್ಡ ಪಾಲು.

ಮತ್ತೆ ನೂರು ಮಹಡಿ ಅಂತ ಹೇಳಿ 75ಕ್ಕೇ ಮುಗಿಸಿದ್ದು. ಗಿಲ್ಡ್ (ಅಂದ್ರೆ ಆಟಗಾರರ ತಂಡ) ನಾಯಕ ಹೀತ್‌ಕ್ಲಿಫ್ಫೇ ಕಯಾಬ ಅನ್ನೋದು ಒಳ್ಳೆ ಟ್ವಿಸ್ಟು, ಒಪ್ಕೋತೀನಿ. ಆದ್ರೆ ಕಿರಿಟೋ ಸತ್ತು ಕರಗಿ ಹೋಗ್ತಾ ಇದ್ದವನು ಬರೀ ಮನೋಬಲದಿಂದ ವಾಪಸ್ ಬಂದು ಚುಚ್ತಾನಲ್ಲ, ಅದು ಯಾಕೆ ಚುಚ್ಚತ್ತೆ ಅಂದ್ರೆ ಇದೇ ಸೀರೀಸ್ ಮೂರನೇ ಎಪಿಸೋಡ್‌ನಲ್ಲಿ ಸಾಚಿನ ಸಾಯಿಸಿ, ಬದುಕಿಸೋ ಐಟಮ್ ಸತ್ತ ಹತ್ತು ಸೆಕೆಂಡ್ ಒಳಗೆ ಮಾತ್ರ ಕೆಲ್ಸ ಮಾಡತ್ತೆ ಅಂತ ನಮ್ಮನ್ನ ಅಳ್ಸಿತ್ತು. ಅವಳಿಗೆ ರೂಲ್ಸು, ಹೀರೋಗೆ ಇಲ್ಲ. ಕೊನೆಗೆ ಇಷ್ಟೆಲ್ಲಾ ಯಾಕೆ ಮಾಡ್ದೆ ಅಂತ ಕೇಳಿದ್ರೆ ಕಯಾಬ ಮಹಾಶಯ ನನಗೂ ಮರೆತೋಗಿದೆ ಅನ್ನೋ ಥರ ಉತ್ತರ ಕೊಡ್ತಾನೆ. ಸುಮಾರು ನಾಲ್ಕು ಸಾವಿರ ಜನ ಸತ್ತಿದಾರೆ ಮಾರಾಯ.

ಈಗ ನೀವು ಸಿಕ್ಕಾಕ್ಕೊಂಡಿರೋ ಜಾಗ, ಅಂದ್ರೆ 15ರಿಂದ 25. ಆಲ್ಫ್‌ಹೈಮ್ ಆನ್‌ಲೈನ್ ಅನ್ನೋ ಹೊಸ ಗೇಮು, ರೆಕ್ಕೆ ಇರೋ ಯಕ್ಷಿಗಳು, ಸತ್ರೆ ಏನೂ ಆಗಲ್ಲ, ಮತ್ತೆ ಹುಟ್ಟಿ ಬರಬಹುದು. ಇದನ್ನ ನಾನು ಸಮರ್ಥಿಸ್ಕೊಳಲ್ಲ. ಅಸುನಾ ಯಾರು, ಗಿಲ್ಡ್‌ನ ಉಪನಾಯಕಿ, ಅವಳ ಕತ್ತಿ ಸ್ಪೀಡಿಗೇ ಮಿಂಚು ಅಂತ ಹೆಸರು, ಅವಳನ್ನ ಪಂಜರದಲ್ಲಿ ಕೂರಿಸಿ ಹೀರೋ ಬರೋವರೆಗೂ ಕಾಯೋ ರಾಜಕುಮಾರಿ ಮಾಡಿಬಿಟ್ರು, ಅದೂ ಸಾಲ್ದು ಅಂತ ಸುಗೋ ಅನ್ನೋ ವಿಲನ್ ಕೈಲಿ ಅವಳ ಮೇಲೆ ದೌರ್ಜನ್ಯದ ಸೀನ್‌ಗಳು. ವಿಲನ್ ಕೆಟ್ಟವನು ಅಂತ ತೋರ್ಸೋಕೆ ಅಷ್ಟು ಬೇಕಿರ್ಲಿಲ್ಲ, ಅವನ ಮುಖ ನೋಡಿದ್ರೇ ಗೊತ್ತಾಗತ್ತೆ. ಇನ್ನು ಸುಗುಹ ವಿಷ್ಯ. ಕಿರಿಟೋ ಜೊತೆ ತಂಗಿ ಅಂತಲೇ ಬೆಳೆದವಳು, ಆದ್ರೆ ನಿಜವಾಗಿ ತಂಗಿ ಅಲ್ಲ, ಕಸಿನ್, ಅದಕ್ಕೇ ಪ್ರೀತಿಸಬಹುದು ಅನ್ನೋ ಥರ ಕಥೆ ಹೋಗತ್ತೆ. ಅವನ ಹೆತ್ತ ತಾಯಿಯ ತಂಗಿ ಮಗಳು ಅವಳು. ಸೋದರಮಾವನ ಮಗಳಾಗಿದ್ರೆ ನಮ್ಮ ಕಡೆ ಅಜ್ಜಿ ಒಬ್ಬರೂ ಹುಬ್ಬು ಏರಿಸ್ತಿರ್ಲಿಲ್ಲ, ಆದ್ರೆ ಚಿಕ್ಕಮ್ಮನ ಮಗಳು ಅಂದ್ರೆ ತಂಗಿನೇ, ವರಸೆನೇ ಆಗಲ್ಲ. ಜಪಾನ್‌ನವರಿಗೆ ಈ ಲೆಕ್ಕ ಇಲ್ಲ, ನೋಡೋ ನಮಗೆ ಮಾತ್ರ ಡಬಲ್ ಇರುಸುಮುರುಸು.

ಸತ್ರೆ ಏನೂ ಆಗಲ್ಲ ಅನ್ನೋದೇ ಸಮಸ್ಯೆ ಅಂತ ನಾನೂ ತುಂಬಾ ದಿನ ಅನ್ಕೊಂಡಿದ್ದೆ. ಆದ್ರೆ 2014ರ ಎರಡನೇ ಸೀಸನ್ ಕೊನೇಲಿ ಬರೋ ಮದರ್ಸ್ ರೊಸಾರಿಯೋ ಭಾಗ ನೋಡಿದ್ಮೇಲೆ ಆ ವಾದ ನಿಲ್ಲಲ್ಲ. ಅದೇ ಆಲ್ಫ್‌ಹೈಮ್, ಅದೇ ರೆಕ್ಕೆ, ಸತ್ರೆ ಇಲ್ಲೂ ಏನೂ ಆಗಲ್ಲ. ಆದ್ರೆ ಅಲ್ಲಿ ಯಾರ ಕೈಲೂ ಸೋಲದ ಯೂಕಿ ಅನ್ನೋ ಹುಡುಗಿ ಹೊರಗಡೆ ಆಸ್ಪತ್ರೆಯಲ್ಲಿ ಏಡ್ಸ್‌ನಿಂದ ಸಾಯ್ತಾ ಇದಾಳೆ, ಹುಟ್ಟೋ ಟೈಮಲ್ಲಿ ಕೊಟ್ಟ ರಕ್ತದಿಂದ ಬಂದಿದ್ದು, ಗೇಮ್ ಒಂದೇ ಅವಳಿಗೆ ಓಡಾಡೋಕೆ ಉಳಿದಿರೋ ಜಾಗ. ಮೊದಲ್ನೇ ಸೀಸನ್‌ನಲ್ಲಿ ಗೇಮ್ ಜೈಲು, ಇಲ್ಲಿ ಅದೇ ಕಿಟಕಿ. ಕಿರಿಟೋ ಪಕ್ಕಕ್ಕೆ ಸರೀತಾನೆ, ಅಸುನಾ ಮುಂದೆ ಬರ್ತಾಳೆ, ಅವಳ ಅಮ್ಮನ ಜೊತೆಗಿನ ಜಗಳನೂ ನಿಜವಾದ ಮನೆಯ ಜಗಳದ ಥರ ಇದೆ. ಬರೆಯೋಕೆ ಬರಲ್ಲ ಅಂತ ಕವಾಹರ ಅವರನ್ನ ಬೈಯೋರು ಇದನ್ನ ನೋಡದೇ ಬೈದಿರ್ತಾರೆ ಅಂತ ನನ್ನ ಗುಮಾನಿ.

ಆ ಬಿಟ್ಟೋದ ಎರಡು ವರ್ಷ ತುಂಬೋಕೆ ಅವರೇ 2012ರ ಕೊನೆಯಿಂದ ಪ್ರೋಗ್ರೆಸಿವ್ ಅಂತ ಬೇರೆ ಪುಸ್ತಕಗಳನ್ನ ಶುರು ಮಾಡಿದ್ರು, ಮೊದಲ್ನೇ ಮಹಡಿಯಿಂದ ಒಂದೊಂದೇ, ಅಸುನಾ ಶುರುವಿಂದಲೇ ಜೊತೆಗೆ. 2021 ಮತ್ತೆ 2022ರಲ್ಲಿ ಅದರಿಂದ ಎರಡು ಸಿನಿಮಾನೂ ಬಂತು. ನಾವು ಕೇಳಿದ ಊಟ ಇದೇ, ಆದ್ರೆ ಬಡಿಸೋ ಸ್ಪೀಡ್ ನೋಡಿ, ಎಂಟನೇ ಪುಸ್ತಕ ಬಂದಾಗ್ಲೂ ಏಳನೇ ಮಹಡಿಯಲ್ಲೇ ಇದ್ರು. ನೂರಕ್ಕೆ ಹತ್ತೋದನ್ನ ನಮ್ಮ ಮೊಮ್ಮಕ್ಕಳು ಓದ್ಬೇಕು.

ಅಲ್ಲಿವರೆಗೂ ಕಾಯೋಕಾಗಲ್ಲ ಅಂದ್ರೆ, ಗೇಮ್‌ನಲ್ಲಿ ಸಿಕ್ಕಾಕ್ಕೊಂಡವರು ಊರು ಕಟ್ಟೋದು, ಕಾನೂನು ಮಾಡೋದು ಇದೇ ನಿಮಗೆ ಬೇಕಿದ್ದಿದ್ರೆ 2013ರ ಲಾಗ್ ಹೊರೈಜನ್ ನೋಡಿ. ಅಲ್ಲಿ ಮೆನು ಒತ್ತಿ ಮಾಡಿದ ಊಟಕ್ಕೆ ರುಚಿನೇ ಇರಲ್ಲ, ಅಡುಗೆ ಬರೋನು ಕೈಯಾರೆ ಮಾಡಿದ್ರೆ ಮಾತ್ರ ರುಚಿ, ಅಷ್ಟು ಚಿಕ್ಕ ವಿಷ್ಯದಿಂದ ಇಡೀ ಊರಿನ ವ್ಯಾಪಾರ ಬದಲಾಗತ್ತೆ.

ಇನ್ನು ನಿಮ್ಮ ಪ್ರಶ್ನೆಯ ಎರಡನೇ ಭಾಗ. 17ರಲ್ಲೇ ನಿಲ್ಸಿ, ಮಿಕ್ಕಿದ ಎಂಟು ಎಪಿಸೋಡ್ ಬಿಟ್ಟು ಸೀದಾ ಎರಡನೇ ಸೀಸನ್ 18ಕ್ಕೆ ಹಾರಿ. ನಡುವೆ ನೀಲಿ ಕೂದಲಿನ ಬಿಲ್ಲುಗಾರ್ತಿ ಕಾಣ್ತಾಳೆ, ಅವಳು ಸಿನಾನ್, ಅದೇ ಸೀಸನ್‌ನ ಮೊದಲ ಭಾಗದಲ್ಲಿ ಪರಿಚಯ ಆದವಳು, ಅಷ್ಟು ಗೊತ್ತಿದ್ರೆ ಸಾಕು. ರಾತ್ರಿ ಒಬ್ಬರೇ ಇದ್ದಾಗ ನೋಡಿ, ಹಾಸ್ಟೆಲ್ ರೂಮಲ್ಲಿ ನಾಲ್ಕು ಜನರ ಮಧ್ಯೆ ಅತ್ರೆ ವರ್ಷಗಟ್ಲೆ ಆಡ್ಕೋತಾರೆ, ಅನುಭವದಿಂದ ಹೇಳ್ತಿದೀನಿ.