ಒಂಬತ್ತನೇ ಸಾಲು ಕಣ್ಣಿಗೆ ಬಿತ್ತೇ?

ಫೋನಿಗೆ ಬ್ಲೂಟೂತ್ ಕೀಬೋರ್ಡ್ ಜೋಡಿಸಿ, ಉದ್ದನೆಯ ಪಟ್ಟಿಯಿರುವ ಆ್ಯಪ್ ತೆರೆದು, ಕೆಳಬಾಣದ ಕೀಲಿ ಒತ್ತುತ್ತಾ ಹೋಗಿ. ಸಾಲಿನ ಸುತ್ತ ಚೌಕಟ್ಟೊಂದು ಮೂಡಿ ಒಂದೊಂದೇ ಸಾಲು ಇಳಿಯುತ್ತದೆ. ಅದೇ ಫೋಕಸ್. ಪರದೆಯ ಕೊನೆಯ ಸಾಲು ದಾಟಿದಾಗ ಪಟ್ಟಿ ತಾನಾಗಿ ಮೇಲೆ ಸರಿಯಬೇಕು. ಎಷ್ಟೋ ಆ್ಯಪ್‌ಗಳಲ್ಲಿ ಚೌಕಟ್ಟು ಕಣ್ಮರೆಯಾಗುವುದು ಇಲ್ಲೇ. ಪರದೆ ಮುಟ್ಟಲಾಗದೆ ಕೀಲಿಗಳನ್ನೇ ನಂಬಿಕೊಂಡವರಿಗೆ ಅಲ್ಲಿಗೆ ದಾರಿ ಮುಚ್ಚಿತು.

ಆಂಡ್ರಾಯ್ಡ್‌ನಲ್ಲಿ ಇದಕ್ಕೆ ಎಸ್ಪ್ರೆಸೊ ಎಂಬ ಪರೀಕ್ಷಾ ಸಾಧನ ಬಳಸಿ ಸ್ವಯಂಚಾಲಿತ ಟೆಸ್ಟ್ ಬರೆಯಬಹುದು. ಆದರೆ 30ನೇ ಸಾಲು ಬೇಕೆಂದಾಗ ‘ಸ್ಕ್ರೋಲ್‌ಟುಪೊಸಿಷನ್’ ಎಂದು ಬರೆದುಬಿಟ್ಟರೆ ಪಟ್ಟಿಯನ್ನು ಟೆಸ್ಟೇ ಸರಿಸಿಕೊಡುತ್ತದೆ; ಆ್ಯಪ್ ಸರಿಸುತ್ತದೋ ಇಲ್ಲವೋ ತಿಳಿಯುವುದೇ ಇಲ್ಲ. ಫೋಕಸ್ ಟೆಸ್ಟ್ ಕೀಲಿ ಒತ್ತಬೇಕು, ಅಷ್ಟೇ. ಟೆಸ್ಟ್‌ನಲ್ಲಿ ಬರೆಯುವ ಕೀಲಿ ಸಂಕೇತಗಳು: ಕೆಳಬಾಣದ್ದು 20, ಮೇಲ್ಬಾಣದ್ದು 19, ಟ್ಯಾಬ್ 61, ಎಂಟರ್ 66. ಸಾಲಿನೊಳಗೆ ಬಟನ್ ಇದ್ದರೆ ಟ್ಯಾಬ್ ಸಾಲಿಗೊಮ್ಮೆ, ಬಟನ್‌ಗೊಮ್ಮೆ ನಿಲ್ಲುತ್ತದೆ. ಒತ್ತುವ ಲೆಕ್ಕ ಹಾಕುವಾಗ ಇದು ನೆನಪಿರಲಿ.

ಶುರುವಿಗೆ ಮೊದಲು ಫೋನನ್ನು ಟಚ್ ಮೋಡ್‌ನಿಂದ, ಅಂದರೆ ಸ್ಪರ್ಶದ ಸ್ಥಿತಿಯಿಂದ, ಹೊರತರಬೇಕು. ಪರದೆ ಮುಟ್ಟಿದ ಮೇಲೆ ಸಾಮಾನ್ಯ ಬಟನ್, ಸಾಲುಗಳಿಗೆ ಆಂಡ್ರಾಯ್ಡ್ ಫೋಕಸ್ ಕೊಡುವುದಿಲ್ಲ. ಟೆಸ್ಟ್ ಮೊದಲ ಹೆಜ್ಜೆಯಲ್ಲೇ ಕ್ಲಿಕ್ ಮಾಡಿದ್ದರೆ, ಮುಂದೆ ಫೋಕಸ್ ಕೇಳಿದಾಗ ಸಿಗುವುದಿಲ್ಲ. ದೋಷ ಆ್ಯಪ್‌ನದ್ದೆಂದು ತಪ್ಪು ತಿಳಿಯುತ್ತೇವೆ.

ಈಗ ಲೆಕ್ಕ. ಪಟ್ಟಿಯ ಎತ್ತರ 600 ಡಿಪಿ (ಪರದೆಯ ಮೇಲೆ ಆಂಡ್ರಾಯ್ಡ್ ಬಳಸುವ ಅಳತೆ), ಪ್ರತಿ ಸಾಲು 72 ಡಿಪಿ ಎನ್ನೋಣ. ಎಂಟು ಸಾಲು ಪೂರ್ತಿ ಹಿಡಿಸಿ 24 ಡಿಪಿ ಉಳಿಯುತ್ತದೆ. ಮೊದಲ ಸಾಲಿನಿಂದ ಎಂಟು ಸಲ ಕೆಳಬಾಣ ಒತ್ತಿದರೆ ಫೋಕಸ್ ಒಂಬತ್ತನೇ ಸಾಲಿಗೆ ಬರುತ್ತದೆ, ಪಟ್ಟಿ 48 ಡಿಪಿ ಸರಿಯುತ್ತದೆ. ಸರಿ. ಆದರೆ ಪಟ್ಟಿಯ ಮೇಲೆಯೇ, ಪರದೆಯ ತಳದಲ್ಲಿ 56 ಡಿಪಿಯ ಮೆನು ಕೂತಿದ್ದರೆ? ಒಂಬತ್ತನೇ ಸಾಲಿನಲ್ಲಿ ಕಾಣುವುದು ಬರೀ 16 ಡಿಪಿ. ಎಸ್ಪ್ರೆಸೊದ ‘ಪೂರ್ತಿ ಕಾಣುತ್ತಿದೆಯೇ’ ಎಂಬ ತಪಾಸಣೆಯೂ ಇಲ್ಲಿ ಹೌದು ಎನ್ನುತ್ತದೆ, ಏಕೆಂದರೆ ಬೇರೊಂದು ವ್ಯೂ (ಪರದೆಯ ಮೇಲಿನ ತುಣುಕು) ಮೇಲೆ ಬಂದು ಮುಚ್ಚಿದ್ದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯೂಸಿಎಜಿ 2.2 ಎಂಬ, ಅಂಗವಿಕಲರಿಗೂ ಬಳಕೆ ಸಾಧ್ಯವಾಗಬೇಕೆನ್ನುವ ಮಾರ್ಗಸೂಚಿಯ 2.4.11ನೇ ಅಂಶ, ಫೋಕಸ್ ಇರುವ ಭಾಗ ಪೂರ್ತಿ ಮುಚ್ಚಿಹೋಗಬಾರದು ಎಂದಷ್ಟೇ ಹೇಳುತ್ತದೆ. 16 ಡಿಪಿ ಅದಕ್ಕೆ ಸಾಕು. ಯಾವ ಭಾಗವೂ ಮುಚ್ಚಬಾರದು ಎನ್ನುವ 2.4.12 ಇನ್ನೂ ಕಟ್ಟುನಿಟ್ಟು. ಟೆಸ್ಟ್‌ಗೆ ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು: ಸಾಲಿನ ಕೆಳ ಅಂಚು ಮೆನುವಿನ ಮೇಲಂಚಿಗಿಂತ ಕೆಳಗಿಳಿದಿದ್ದರೆ ಫೇಲ್. ಪರಿಹಾರ ಸುಲಭ. ಪಟ್ಟಿ ತೋರಿಸುವ ರಿಸೈಕ್ಲರ್‌ವ್ಯೂಗೆ ಕೆಳಗಡೆ 56 ಡಿಪಿ ಪ್ಯಾಡಿಂಗ್ (ಖಾಲಿ ಜಾಗ) ಕೊಟ್ಟು, ಆ ಜಾಗದಲ್ಲಿ ಸಾಲುಗಳನ್ನು ಕತ್ತರಿಸುವ ಕ್ಲಿಪ್‌ಟುಪ್ಯಾಡಿಂಗ್ ಆಫ್ ಮಾಡಿದರೆ ಒಂಬತ್ತನೇ ಸಾಲಿನ ಹೊತ್ತಿಗೆ ಪಟ್ಟಿ 104 ಡಿಪಿ ಸರಿದಿರುತ್ತದೆ.

ಅಳೆಯುವ ಗಳಿಗೆಯೂ ಮುಖ್ಯ. ಫೋಕಸ್ ಥಟ್ಟನೆ ಬದಲಾಗುತ್ತದೆ, ಪಟ್ಟಿ ಮಾತ್ರ ನಿಧಾನವಾಗಿ ಜಾರುತ್ತದೆ. ನಡುವೆ ಅಳೆದರೆ ಒಮ್ಮೆ ಪಾಸ್, ಒಮ್ಮೆ ಫೇಲ್. ಅರ್ಧ ಸೆಕೆಂಡ್ ಸುಮ್ಮನೆ ಕಾಯುವ ಸಾಲು ಸೇರಿಸುವುದು ಮದ್ದಲ್ಲ. ನಿಧಾನದ ಫೋನಿನಲ್ಲಿ ಅದೂ ಸಾಲದಾಗುತ್ತದೆ. ಸ್ಕ್ರೋಲ್ ಸ್ಥಿತಿ ‘ಐಡಲ್’, ಅಂದರೆ ನಿಶ್ಚಲ, ಆಗುವವರೆಗೆ ಕಾಯಬೇಕು.

ರಿಸೈಕ್ಲರ್‌ವ್ಯೂ ಹೆಸರೇ ಹೇಳುವಂತೆ 500 ಸಾಲಿಗೆ 500 ವ್ಯೂ ಕಟ್ಟುವುದಿಲ್ಲ. ಮೇಲಿನಿಂದ ಹೊರಬಿದ್ದ ವ್ಯೂವನ್ನೇ ಕೆಳಗೆ ಹೊಸ ಬರಹ ತುಂಬಿ ಕೂರಿಸುತ್ತದೆ. ಮೂರನೇ ಸಾಲೆಂದು ಟೆಸ್ಟ್ ಹಿಡಿದಿಟ್ಟ ವ್ಯೂ ಸ್ವಲ್ಪ ಹೊತ್ತಿಗೆ ಹದಿನೈದನೆಯದಾಗಿರಬಹುದು. ಹಾಗಾಗಿ ಪ್ರತಿ ಸಲವೂ ಫೋಕಸ್ ಇರುವ ಸಾಲಿನ ಬರಹವನ್ನೇ ಓದಿ ಹೋಲಿಸಬೇಕು.

ತೀರಾ ಕಾಡುವ ದೋಷ ಕಂತು ಕಂತಾಗಿ ಬರುವ ಪಟ್ಟಿಯದ್ದು. ಸರ್ವರ್ 20 ಸಾಲು ಕೊಟ್ಟಿದೆ, ಮುಂದಿನ ಕಂತು ಇನ್ನೂ ದಾರಿಯಲ್ಲಿದೆ. 20ನೇ ಸಾಲಿನಲ್ಲಿ ಕೆಳಬಾಣ ಒತ್ತಿದರೆ ಕೆಳಗೆ ಸಾಲೇ ಇಲ್ಲದ ಕಾರಣ ಫೋಕಸ್ ಮೆನುವಿಗೆ ಹಾರುತ್ತದೆ. ವೇಗದ ವೈಫೈ ಇರುವ ಕಚೇರಿಯಲ್ಲಿ ಇದು ಸಿಕ್ಕಿಬೀಳುವುದು ಕಷ್ಟ. ನಕಲಿ ಸರ್ವರ್ ಇಟ್ಟು, ಉತ್ತರವನ್ನು ಎರಡು ಸೆಕೆಂಡ್ ತಡಮಾಡಿ, 25 ಸಲ ಬಾಣ ಒತ್ತಿ ನೋಡಬೇಕು. ಫೋಕಸ್ ಪಟ್ಟಿಯೊಳಗೇ ಉಳಿದಿರಬೇಕು.

ಕೊನೆಗೆ, ಇದೆಲ್ಲವನ್ನೂ ಕನ್ನಡ ಭಾಷೆಯಲ್ಲಿ, ಅಕ್ಷರದ ಗಾತ್ರ 200 ಪ್ರತಿಶತಕ್ಕೆ ಏರಿಸಿ ಮತ್ತೊಮ್ಮೆ ಓಡಿಸಬೇಕು. ಒತ್ತಕ್ಷರಗಳಿಗೆ ಜಾಗ ಬೇಕು, ಹೆಸರುಗಳು ಎರಡು ಸಾಲಿಗೆ ಒಡೆಯುತ್ತವೆ, 72 ಡಿಪಿ ಎಲ್ಲಿಯೂ ಉಳಿಯುವುದಿಲ್ಲ. ಪಟ್ಟಿ 48 ಡಿಪಿ ಸರಿಯಬೇಕು ಎಂದು ಬರೆದಿಟ್ಟ ಟೆಸ್ಟ್ ಆಗ ಸುಳ್ಳು ಹೇಳುತ್ತದೆ. ಅಂಚುಗಳನ್ನು ಹೋಲಿಸುವ ಟೆಸ್ಟ್ ಹೇಳುವುದಿಲ್ಲ.