ಫೇಲಾಗಲು ಬಾರದ ಟೆಸ್ಟ್

ಸಣ್ಣದೊಂದು ಬೋರ್ಡಿಗೆ ಸಿ ಲೈಬ್ರರಿ ಹೊಂದಿಸುತ್ತಿದ್ದಾಗ, ಕೇಳಿದ ಸಂಖ್ಯೆಯ (ಅಲೈನ್‌ಮೆಂಟ್) ಗುಣಕವಾದ ವಿಳಾಸದಲ್ಲೇ ಮೆಮೊರಿ ಕೊಡುವ ಅಲೈನ್ಡ್ ಅಲಾಕ್ ಫಂಕ್ಷನ್‌ನಲ್ಲಿ ವಿಳಾಸವನ್ನು ಮುಂದಕ್ಕೆ ಸರಿಸುವ ಸಾಲನ್ನು ಬೇಕೆಂದೇ ಅಳಿಸಿ ಟೆಸ್ಟ್ ಓಡಿಸಿದೆ. ಪಾಸಾಯಿತು. ಆ ಟೆಸ್ಟ್ ಬರೆದವನು ನಾನೇ.

ಅದರಲ್ಲಿ ಗೊಂದಲಕ್ಕೆ ಎಡೆಯೇ ಇರಲಿಲ್ಲ. 64 ಬೈಟಿನ ಅಲೈನ್‌ಮೆಂಟ್ ಕೇಳಬೇಕು, ಬಂದ ವಿಳಾಸವನ್ನು 64ರಿಂದ ಭಾಗಿಸಿದರೆ ಶೇಷ ಸೊನ್ನೆಯೇ ಎಂದು ನೋಡಬೇಕು. ಕಂಪೈಲರ್ ಹೊರತಂದ ಯಂತ್ರಸಂಕೇತವನ್ನು ತೆರೆದು ನೋಡಿದರೆ ಹೋಲಿಕೆಯ ಸಾಲೇ ಅಲ್ಲಿರಲಿಲ್ಲ! ಜಿಸಿಸಿ, ಕ್ಲ್ಯಾಂಗ್ ಎಂಬ ಎರಡೂ ಕಂಪೈಲರುಗಳಿಗೆ ಈ ಫಂಕ್ಷನ್‌ನ ಪರಿಚಯವಿದೆ. 64 ಎಂದು ಕೇಳಿದ ಮೇಲೆ ಬರುವ ವಿಳಾಸದ ಕೊನೆಯ ಆರು ಬಿಟ್‌ಗಳು ಸೊನ್ನೆಯೇ ಎಂದು ನಂಬಿ, ಹೋಲಿಕೆಯನ್ನು ಅನಗತ್ಯವೆಂದು ಕಿತ್ತುಹಾಕುತ್ತವೆ. ಯಾವ ಮಾತನ್ನು ಪರೀಕ್ಷಿಸಬೇಕಿತ್ತೋ ಅದನ್ನೇ ಸಾಕ್ಷಿಯಾಗಿ ಒಪ್ಪಿಕೊಂಡಂತಾಯಿತು. ಕಂಪೈಲರಿನ ಈ ಒಳಪರಿಚಯವನ್ನು (ಬಿಲ್ಟಿನ್) ನಿಲ್ಲಿಸುವ ಆಯ್ಕೆಯೊಂದೇ ಸಾಲದು, ಏಕೆಂದರೆ ಹೆಡರ್ ಕಡತದಲ್ಲಿರುವ ಘೋಷಣೆಯೂ ಇದೇ ಭರವಸೆ ಕೊಡುತ್ತಿರಬಹುದು. ಬಂದ ಪಾಯಿಂಟರನ್ನು ಕಂಪೈಲರ್ ಮೌಲ್ಯವನ್ನು ಊಹಿಸಿಕೊಳ್ಳುವಂತಿಲ್ಲದ ವೋಲಟೈಲ್ ಚರದಲ್ಲಿಟ್ಟು ಮತ್ತೆ ಓದಿಕೊಳ್ಳುವುದು ನನ್ನ ಈಗಿನ ರೂಢಿ.

ಹೋಲಿಕೆ ಉಳಿದರೂ ಅದೃಷ್ಟ ಕಾಡುತ್ತದೆ. 64 ಬಿಟ್ ಲಿನಕ್ಸ್‌ನಲ್ಲಿ ಜಿಲಿಬ್‌ಸಿ ಎಂಬ ಸಿ ಲೈಬ್ರರಿಯ ಮಾಮೂಲಿ ಮೆಮೊರಿ ಫಂಕ್ಷನ್ ಮ್ಯಾಲಾಕ್ ಕೊಡುವ ವಿಳಾಸವೆಲ್ಲ 16ರ ಗುಣಕ. ಅವುಗಳಲ್ಲಿ ಸುಮಾರು ನಾಲ್ಕಕ್ಕೊಂದು 64ಕ್ಕೂ ತಾನಾಗಿಯೇ ಹೊಂದುತ್ತದೆ. ಪಡೆದದ್ದನ್ನು ಕೂಡಲೇ ಫ್ರೀ ಮಾಡಿ ಮರಳಿಸುತ್ತಾ ಸಾವಿರ ಸಲ ಸುತ್ತಿದರೂ ಬಹುತೇಕ ಅದೇ ತುಂಡು ಕೈಗೆ ಬರುತ್ತಿರುತ್ತದೆ. ಹಾಗಾಗಿ 1, 17, 100 ಹೀಗೆ ಅಡ್ಡಾದಿಡ್ಡಿ ಗಾತ್ರಗಳನ್ನು ನಡುವೆ ತೂರಿಸಿ, ಯಾವುದನ್ನೂ ಬಿಡದೆ ಹಿಡಿದುಕೊಂಡು, 4096ರವರೆಗಿನ ಅಲೈನ್‌ಮೆಂಟ್ ಕೇಳುತ್ತೇನೆ. ಪ್ರತಿ ಬೈಟಿಗೂ ಗುರುತು ಬರೆದು, ಎಲ್ಲವನ್ನೂ ಓದಿ ನೋಡಿದ ಮೇಲೆ ಫ್ರೀ. ಸರಿಸಿದ ವಿಳಾಸದಿಂದ ತುಂಡಿನ ನಿಜವಾದ ಆರಂಭವನ್ನು ಹುಡುಕಲಾಗದ ಫ್ರೀ ಇಲ್ಲಿಯೇ ಸಿಕ್ಕಿಬೀಳುತ್ತದೆ. (ರಿಯಾಲಾಕ್ ಮಾಡಿ ತುಂಡಿನ ಗಾತ್ರ ಬದಲಿಸಿದರೆ ಅಲೈನ್‌ಮೆಂಟ್ ಉಳಿಯುತ್ತದೆಂಬ ಭರವಸೆ ಇಲ್ಲ, ಅದನ್ನು ಪರೀಕ್ಷಿಸಲು ಹೋಗಬೇಡಿ.)

ಲೈಬ್ರರಿಗಳು ಎಡವಿರುವುದು ಹೆಚ್ಚಾಗಿ ಗಾತ್ರದ ಲೆಕ್ಕದಲ್ಲಿ. ಅತಿ ದೊಡ್ಡ ಗಾತ್ರಕ್ಕೆ ಅಲೈನ್‌ಮೆಂಟನ್ನು ಕೂಡಿಸಿದಾಗ ಸಂಖ್ಯೆ ಉಕ್ಕಿ, ಸುತ್ತಿಬಂದು, ಚಿಕ್ಕದಾಗಿಬಿಡುತ್ತದೆ. ಕೇಳಿದವನ ಕೈಗೆ ಅಂಗೈಯಗಲದ ಜಾಗ, ತಲೆಯಲ್ಲಿ ಎಕರೆಗಟ್ಟಲೆ ಲೆಕ್ಕ. ಜಿಲಿಬ್‌ಸಿಯಲ್ಲಿ ಈ ದೋಷ ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2013-4332 ಎಂದು ದಾಖಲಾಯಿತು. ಅದೇ ಜಾತಿಯದು ಮತ್ತೆ ಸಿವಿಇ-2018-6485 ಆಗಿ ಬಂತು. ಗಾತ್ರದ ಗರಿಷ್ಠ ಮೌಲ್ಯದಿಂದ ಒಂದೊಂದೇ ಹೆಜ್ಜೆ ಇಳಿಯುತ್ತಾ ಪ್ರತಿ ಸಲವೂ ಸೋಲನ್ನೇ ನಿರೀಕ್ಷಿಸುವ ಟೆಸ್ಟ್ ಇರಲೇಬೇಕು.

ತಪ್ಪು ಅಲೈನ್‌ಮೆಂಟಿಗೆ ನನ್ನ ನೆಚ್ಚಿನ ಸಂಖ್ಯೆ 24. ಅದು 8ರ ಗುಣಕ, ಆದರೆ ಎರಡರ ಘಾತವಲ್ಲ. ಅರ್ಧ ಮಾತ್ರ ತಪಾಸಣೆ ಮಾಡುವ ಕೋಡ್ ಅದನ್ನು ಒಳಗೆ ಬಿಟ್ಟುಬಿಡುತ್ತದೆ. ಇದೇ ಕೆಲಸದ ಇನ್ನೊಂದು ಫಂಕ್ಷನ್ ಪೋಸಿಕ್ಸ್ ಮೆಮ್‌ಅಲೈನ್ ಇದಕ್ಕೆ ಇಇನ್ವಾಲ್ (EINVAL) ಎಂಬ ದೋಷಸಂಖ್ಯೆಯನ್ನು ನೇರವಾಗಿ ಹಿಂದಿರುಗಿಸಬೇಕು; ದೋಷಸಂಖ್ಯೆ ಸಾಮಾನ್ಯವಾಗಿ ಸಿಗುವ ಎರ್ನೋ ಚರವನ್ನು ನೋಡುತ್ತಾ ಕುಳಿತರೆ ಏನೂ ಸಿಗುವುದಿಲ್ಲ. ಅಲೈನ್ಡ್ ಅಲಾಕ್‌ನ ಕಥೆ ಬೇರೆ. ಜಿಲಿಬ್‌ಸಿ ಬಹುಕಾಲ ಇಂಥ ಸಂಖ್ಯೆಯನ್ನು ಮೇಲಿನ ಘಾತಕ್ಕೆ ಏರಿಸಿ ಸುಮ್ಮನೆ ಜಾಗ ಕೊಡುತ್ತಿತ್ತು, 2023ರ 2.38ನೇ ಆವೃತ್ತಿಯಿಂದ ನಲ್ (ಖಾಲಿ ಪಾಯಿಂಟರ್) ಹಿಂದಿರುಗಿಸುತ್ತದೆ. ಹಳೆಯ ಟೆಸ್ಟ್ ಹೊಸ ಆವೃತ್ತಿಯಲ್ಲಿ ಕೆಂಪಾದರೆ ಮೊದಲು ಟೆಸ್ಟನ್ನೇ ತೆರೆದು ನೋಡಿ.