ಪದ ಪರಿಚಯ: ಪರಿಭಾಷೆ

ಒಂದು ಶಾಸ್ತ್ರದಲ್ಲೋ ವೃತ್ತಿಯಲ್ಲೋ ತೊಡಗಿದವರು ಖಚಿತವಾದ ಒಂದೇ ಅರ್ಥದಲ್ಲಿ ಬಳಸಲು ತಮ್ಮೊಳಗೆ ಒಪ್ಪಿಕೊಂಡಿರುವ ಪದಗಳಿಗೆ ಪರಿಭಾಷೆ ಎನ್ನುತ್ತಾರೆ. ಹೊರಗಿನವರಿಗೆ ಒಗಟಾಗಿ ಕಂಡರೂ ಒಳಗಿನವರಿಗೆ ಅದು ಅನಿವಾರ್ಯ. ಉದಾಹರಣೆಗೆ, ಹೃದಯಾಘಾತದಲ್ಲಿ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡು ಸ್ನಾಯುವಿಗೆ ಹಾನಿಯಾಗುತ್ತದೆ, ಆದರೆ ರೋಗಿಗೆ ಸಾಮಾನ್ಯವಾಗಿ ಎಚ್ಚರವಿರುತ್ತದೆ. ಹೃದಯ ಸ್ತಂಭನದಲ್ಲಾದರೋ ಹೃದಯವು ರಕ್ತ ಪಂಪ್ ಮಾಡುವುದನ್ನೇ ನಿಲ್ಲಿಸುವುದರಿಂದ ಕ್ಷಣಗಳಲ್ಲಿ ಪ್ರಜ್ಞೆ ತಪ್ಪಿ, ಕೂಡಲೇ ಸಿಪಿಆರ್ (ಎದೆಯನ್ನು ಮತ್ತೆ ಮತ್ತೆ ಒತ್ತಿ ರಕ್ತ ಹರಿಯುವಂತೆ ಮಾಡುವ ತುರ್ತು ಚಿಕಿತ್ಸೆ) ಮಾಡಬೇಕಾಗುತ್ತದೆ. ಆಡುಮಾತಿನಲ್ಲಿ ಎರಡೂ 'ಹಾರ್ಟ್ ಅಟ್ಯಾಕ್' ಆಗಿಬಿಡುತ್ತವೆ. ಚಿಕಿತ್ಸೆ ನೀಡುವವರಿಗೆ ಆ ಸಲೀಸು ಒಗ್ಗದು.

ತೊಡಕು ಶುರುವಾಗುವುದು ಈ ಪದಗಳು ತಮ್ಮ ವಲಯ ದಾಟಿ ಬಂದಾಗ. ಕಂಡರಿಯದ ಪದ ಎದುರಾದರೆ ಓದುಗರು ನಿಂತು ಅರ್ಥ ಕೇಳಿಯಾರು. ಗೊತ್ತಿದ್ದಂತೆ ತೋರುವ ಪದವೇ ಹೆಚ್ಚು ದಾರಿ ತಪ್ಪಿಸುತ್ತದೆ ಎಂಬುದು ನನ್ನ ಎಣಿಕೆ. 'ಕೆಲಸ' ಎಂಬ ಪದವನ್ನೇ ನೋಡಿ: ಭಾರ ಸರಿಯದಿದ್ದರೆ ಕೆಲಸವೂ ಇಲ್ಲವಾದ್ದರಿಂದ, ಮೂಟೆ ಹೊತ್ತು ಅಲುಗದೆ ನಿಂತವರು ಎಷ್ಟೇ ಬೆವರಿದರೂ ಭೌತಶಾಸ್ತ್ರದ ಲೆಕ್ಕದಲ್ಲಿ ಆ ಮೂಟೆಯ ಮೇಲೆ ಅವರು ಮಾಡಿದ ಕೆಲಸ ಸೊನ್ನೆ. ಇದು ತಮಾಷೆಯಾಗಿ ಮುಗಿಯುವ ಗೊಂದಲ. ಆದರೆ ಔಷಧದ ಕುರಿತ ಸಂಶೋಧನಾ ವರದಿಯಲ್ಲಿ 'ಗಮನಾರ್ಹ ವ್ಯತ್ಯಾಸ' ಎಂದಿದ್ದರೆ ಜನ ಅದನ್ನು ದೊಡ್ಡ ಗುಣವೆಂದೇ ಓದಿಕೊಳ್ಳುತ್ತಾರೆ. ಔಷಧದಿಂದ ಯಾವ ಪರಿಣಾಮವೂ ಇಲ್ಲದಿದ್ದ ಪಕ್ಷದಲ್ಲಿ ಇಷ್ಟು ಅಂತರ ಬರಿಯ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಂಭವ ವಾಡಿಕೆಯ ಮಿತಿಯಾದ ಶೇ. 5ಕ್ಕಿಂತ ಕಡಿಮೆ ಎಂಬುದಷ್ಟೇ ಅಲ್ಲಿನ ಅರ್ಥ. ಅಂತರ ತೀರಾ ಚಿಕ್ಕದಾಗಿದ್ದರೂ ಆ ವಿಶೇಷಣ ಸಲ್ಲುತ್ತದೆ. ಸಂಕ್ಷೇಪಾಕ್ಷರಗಳ ಪಾಡಂತೂ ಕೇಳುವುದೇ ಬೇಡ: ಟಿಡಿಎಸ್ ಎಂಬುದು ವೈದ್ಯರ ಚೀಟಿಯಲ್ಲಿ ದಿನಕ್ಕೆ ಮೂರು ಬಾರಿ, ನೀರಿನ ಪರೀಕ್ಷೆಯಲ್ಲಿ ಕರಗಿದ ಘನವಸ್ತುಗಳ ಪ್ರಮಾಣ, ಲೆಕ್ಕಿಗರ ಬಾಯಲ್ಲಿ ಮೂಲದಲ್ಲೇ ಕಡಿತವಾಗುವ ತೆರಿಗೆ.

ಸರಳ ಭಾಷೆ ಎಂದೊಡನೆ ಪಾರಿಭಾಷಿಕ ಪದಗಳನ್ನೆಲ್ಲ ಕಿತ್ತೆಸೆಯಬೇಕೆಂದು ಕೆಲವರು ಭಾವಿಸುತ್ತಾರೆ. ಹಾಗೆ ಮಾಡಿದರೆ ಆಘಾತಕ್ಕೂ ಸ್ತಂಭನಕ್ಕೂ ಇರುವ ಅಂತರ ಮತ್ತೆ ಅಳಿಸಿಹೋಗುತ್ತದೆ. 'ಟಿಡಿಎಸ್' ಬದಲು 'ದಿನಕ್ಕೆ ಮೂರು ಬಾರಿ' ಎಂದು ಬರೆದರೆ ನಷ್ಟವೇನಿಲ್ಲ. 'ಹೃದಯ ಸ್ತಂಭನ'ವನ್ನು ಮಾತ್ರ ಉಳಿಸಿಕೊಂಡು, ಮೊದಲ ಸಲ ಬಂದೆಡೆಯಲ್ಲೇ ಒಂದು ವಾಕ್ಯದಲ್ಲಿ ಬಿಡಿಸಿ ಹೇಳಬೇಕು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒ 2023ರಲ್ಲಿ ಪ್ರಕಟಿಸಿದ ಸರಳ ಭಾಷೆಯ ಮಾನಕವೂ ಪದಗಳ ಸುಲಭತೆಯೊಂದನ್ನೇ ಅಳತೆಗೋಲಾಗಿ ಹಿಡಿಯದೆ, ಓದುಗರು ತಮಗೆ ಬೇಕಾದ ವಿಷಯವನ್ನು ಹುಡುಕಿಕೊಂಡು, ಅರ್ಥಮಾಡಿಕೊಂಡು, ಬಳಸಲು ಶಕ್ತರಾಗುವರೇ ಎಂಬುದನ್ನು ಮುಂದಿಡುತ್ತದೆ. ಈ ಪ್ರಶ್ನೆಗೆ ಉತ್ತರವು ಬರಹಗಾರರಿಂದಾಗಲಿ ಅವರ ಸಹೋದ್ಯೋಗಿಗಳಿಂದಾಗಲಿ ಸಿಗುವಂಥದ್ದಲ್ಲ; ಕರಡನ್ನು ಆ ವಿಷಯದ ಗಂಧಗಾಳಿಯಿಲ್ಲದ ಒಬ್ಬರ ಕೈಗಿತ್ತು, ಓದಿದ್ದನ್ನು ಅವರದೇ ಮಾತಿನಲ್ಲಿ ಹೇಳಿಸಿ ನೋಡಬೇಕಾಗುತ್ತದೆ.